ಕನ್ನಡ ಪುಸ್ತಕವನ್ನು ಲೇಖಕರೇ ಪ್ರಕಟಿಸಿ ಹಲವು ಆನ್‌ಲೈನ್ ಮಳಿಗೆಗಳಲ್ಲಿ ಇಡುವಾಗ ಎಲ್ಲೆಲ್ಲಿ ತೊಡಕು?

ಹೊಸಪುಟ:
ಕಥಾಸಂಕಲನವೊಂದನ್ನು ಲೇಖಕರೇ ಪ್ರಕಾಶಕರಾಗಿ ತರುವ ಸಿದ್ಧತೆ ನಡೆದಿದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆಗಿ, ಪುಟವಿನ್ಯಾಸದ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದೆ. ಅಳತೆ ಡೆಮಿ 1/8 (5.5 × 8.5 ಇಂಚು), 200 ಪುಟ. ಮುದ್ರಿತ ಪ್ರತಿ ಅಮೆಜಾನ್, ಫ್ಲಿಪ್‌ಕಾರ್ಟ್ ಜೊತೆಗೆ ಕನ್ನಡ ಮಳಿಗೆಗಳ ಜಾಲತಾಣಗಳಲ್ಲೂ ಸಿಗಬೇಕು. ಇ-ಪುಸ್ತಕ ಗೂಗಲ್ ಪ್ಲೇ ಬುಕ್ಸ್, ಕನ್ನಡ ಇ-ಪುಸ್ತಕಗಳ ಮೈಲ್ಯಾಂಗ್, ಸಾಧ್ಯವಾದರೆ ಅಮೆಜಾನ್‌ನ ಕಿಂಡಲ್‌ನಲ್ಲಿ. ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ಕೈಸುಡುತ್ತದೆ ಎಂದು ಬಲ್ಲವರು ತಿಳಿಸಿ. ಎಷ್ಟು ಪ್ರತಿ ಹಾಕಿಸಬೇಕು ಎನ್ನುವುದೂ ಇನ್ನೂ ತೀರ್ಮಾನವಾಗಿಲ್ಲ.

ಅಚ್ಚುಮೊಳೆ:
ಉಳಿದೆಲ್ಲಕ್ಕಿಂತ ಮೊದಲು ಪಠ್ಯವನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಜಾಗತಿಕ ಪದ್ಧತಿಗೆ, ತನ್ನಿ. ಹಳೆಯ ನುಡಿ ಅಕ್ಷರದಲ್ಲಿ ಇರುವ ಕಡತದಿಂದ ಮುದ್ರಣದ ಪಿಡಿಎಫ್ ಮಾಡಬಹುದು, ಅದರಾಚೆಗೆ ಏನೂ ಆಗದು. ಇ-ಪಬ್ (ಇ-ಪುಸ್ತಕದ ಕಡತ ರೂಪ) ಆಗದು, ಹುಡುಕಲು ಬಾರದು, ಮಳಿಗೆಗೆ ಕೊಡುವ ಪರಿಚಯದ ಸಾಲನ್ನು ನಕಲು ಮಾಡಿ ಅಂಟಿಸಲೂ ಬಾರದು. ಕಾರಣ ಸರಳ: ಆ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ತೊಡಿಸಿದಂಥವು. ಫಾಂಟ್ ಕಳಚಿದರೆ ಉಳಿಯುವುದು ಅರ್ಥವಿಲ್ಲದ ಗುರುತುಗಳು.

ನುಡಿಗೂ ಬರಹ ಎಂಬ ಇನ್ನೊಂದು ತಂತ್ರಾಂಶಕ್ಕೂ ಸಂಕೇತ ಬಹುಮಟ್ಟಿಗೆ ಒಂದೇ. ಶ್ರೀಲಿಪಿ ತಂತ್ರಾಂಶದ್ದು ಬೇರೆ. ನುಡಿಗೆಂದು ಮಾಡಿದ ಪರಿವರ್ತಕಕ್ಕೆ ಶ್ರೀಲಿಪಿ ಕಡತ ಕೊಟ್ಟರೆ ಬರುವುದೆಲ್ಲ ಕಸ. ಹಾಗಾಗಿ ಟೈಪ್ ಮಾಡಿದವರನ್ನು ಮೊದಲು ಫಾಂಟಿನ ನಿಖರವಾದ ಹೆಸರು ಕೇಳಿ.

ಪರಿವರ್ತನೆಗೆ ಮುಂಚೆ ಇನ್ನೊಂದು ಕೆಲಸ. ಕಥೆಗಳ ಒಳಗೆ ಇಂಗ್ಲಿಷ್ ಅಕ್ಷರದಲ್ಲಿರುವ ಪದಗಳಿದ್ದರೆ ಅವನ್ನು ಪಟ್ಟಿ ಮಾಡಿ ಹೊರಗೆ ತೆಗೆದು, ಆ ಜಾಗದಲ್ಲಿ ಪರಿವರ್ತಕ ಮುಟ್ಟದ ಒಂದು ಗುರುತು ಇಡಿ. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷ ಎಂದು ತಿಳಿಯುವುದಿಲ್ಲ. ಎಲ್ಲವನ್ನೂ ಕನ್ನಡ ಮಾಡಿಬಿಡುತ್ತದೆ.

ಕರಡುತಿದ್ದು:
ಪರಿವರ್ತನೆಯ ನಂತರ ಕರಡು ಇನ್ನೊಮ್ಮೆ ಪೂರ್ತಿ ಓದಲೇಬೇಕು. ಪುಟ ಕಟ್ಟುವಾಗ ತಿದ್ದಿ ಆಗಿದೆಯಲ್ಲ ಎಂದು ಬಿಟ್ಟರೆ ಈ ತಪ್ಪುಗಳು ಉಳಿಯುತ್ತವೆ.

ಮೊದಲನೆಯದು ಅರ್ಕಾವೊತ್ತು. ಹಳೆಯ ಅಕ್ಷರದಲ್ಲಿ ಅದು ವ್ಯಂಜನದ ಬಲಕ್ಕೆ, ಕಣ್ಣಿಗೆ ಕಂಡಂತೆ ಕೂರುತ್ತದೆ. ಯೂನಿಕೋಡ್‌ನಲ್ಲಿ ನಾಲಗೆಗೆ ಬಂದಂತೆ ರ್ ಮೊದಲು. ಪರಿವರ್ತಕ ಅದನ್ನು ಎಡಕ್ಕೆ ಸರಿಸಲು ತಪ್ಪಿದರೆ ಸೂರ್ಯ ಹೋಗಿ ಸೂಯರ್ ಆಗುತ್ತದೆ, ಧರ್ಮ ಧಮರ್ ಆಗುತ್ತದೆ, ಕಾರ್ಯಕ್ರಮ ಕಾಯರ್ಕ್ರಮ ಆಗುತ್ತದೆ. ಯರ್, ಮರ್, ವರ್, ಥರ್, ಣರ್, ಗರ್ ಎಂದು ಒಂದೊಂದಾಗಿ ಹುಡುಕಿ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಗುಂಡಿ ಮಾತ್ರ ಒತ್ತಬೇಡಿ. ಮೇಯರ್, ಡ್ರೈವರ್ ಎಲ್ಲ ಸರಿಯಾಗಿಯೇ ಇರುತ್ತವೆ, ಅವು ಕೆಡುತ್ತವೆ.

ಎರಡನೆಯದು ದೀರ್ಘ. ಹಳೆಯದರಲ್ಲಿ ಗುಡಿಸು ಬೇರೆ, ದೀರ್ಘದ ಚಿಹ್ನೆ ಬೇರೆ. ಕೆಲವು ಪರಿವರ್ತಕಗಳು ಹಾಗೆಯೇ ಎರಡು ತುಂಡಾಗಿ ಬಿಡುತ್ತವೆ. ಪರದೆಯ ಮೇಲೆ ಕೀ ಎಂದೇ ಕಾಣುತ್ತದೆ, ಆದರೆ ಹುಡುಕಿದರೆ ಸಿಗದಿರಬಹುದು. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ಇಡೀ ಕಡತವನ್ನು ತಂದರೆ ಇಂಥ ತುಂಡುಗಳು ಕೂಡಿಕೊಳ್ಳುತ್ತವೆ. ಏ, ಐ, ಒ, ಓ ಸ್ವರಚಿಹ್ನೆಗಳಿಗೂ ಇದೇ ಮಾತು.

ಮೂರನೆಯದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಅಂಕಿಯ ೦ ಹೊಡೆದಿರುವುದು ಹಳೆಯ ಟೈಪಿಂಗ್‌ನಲ್ಲಿ ಬಹಳ. ಕಣ್ಣಿಗೆ ಎರಡೂ ಒಂದೇ. ಅಂಕಿ ೦ ಎಲ್ಲೆಲ್ಲಿ ಅಕ್ಷರದ ಪಕ್ಕದಲ್ಲಿ ಕೂತಿದೆ ಎಂದು ಹುಡುಕಿದರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸ.

ಅಚ್ಚುಮೊಳೆ:
ಇವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಾಫ್ಟ್‌ವೇರ್, ಫೇಸ್‌ಬುಕ್ ಮುಂತಾದ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತಾರೆ. ರ‍್ಯಾಂಕ್, ರ‍್ಯಾಲಿ ಬರೆಯುವಾಗ ಅರ್ಕಾವೊತ್ತು ಆಗದಂತೆ ತಡೆಯುವುದು ಅದರ ಜೋಡಿ, ಝಡ್‌ಡಬ್ಲ್ಯುಜೆ. ಕಡತ ಶುಚಿ ಮಾಡುತ್ತೇನೆಂದು ಕಾಣದ ಚಿಹ್ನೆಗಳನ್ನೆಲ್ಲ ಅಳಿಸುವ ಉಪಕರಣ ಬಳಸಿದರೆ ಇವೂ ಹೋಗುತ್ತವೆ. ರ‍್ಯಾಂಕ್ ಇದ್ದದ್ದು ರ್ಯಾಂಕ್ ಆಗುತ್ತದೆ.

ಪುಸ್ತಕದ ಹೆಸರಿನಲ್ಲೇ ಇಂಥ ಪದ ಇದ್ದರೆ ಎಚ್ಚರ. ಓದುಗರು ಹುಡುಕುವಾಗ ಆ ಚಿಹ್ನೆ ಹೊಡೆಯುವುದಿಲ್ಲ. ಕೆಲವು ಮಳಿಗೆಗಳ ಹುಡುಕಾಟಕ್ಕೆ ಆ ಎರಡು ಬೇರೆ ಬೇರೆ ಪದ.

ಹೊಸಪುಟ:
ಧನ್ಯವಾದ. ಪುಟವಿನ್ಯಾಸದ ಇನ್‌ಡಿಸೈನ್‌ಗೆ ಯೂನಿಕೋಡ್ ಪಠ್ಯ ಹಾಕಿ ನೋಡಿದಾಗ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದವು. ಇದು ಫಾಂಟಿನ ದೋಷವೇ?

ಅಚ್ಚುಮೊಳೆ:
ಫಾಂಟಿನದಲ್ಲ. ಪ್ಯಾರಾಗ್ರಾಫ್ ಹೊಂದಿಕೆಯಲ್ಲಿ ಅಡೋಬ್ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಸಾಮಾನ್ಯ ಕಂಪೋಸರ್‌ಗೆ ಭಾರತೀಯ ಲಿಪಿಗಳ ಜೋಡಣೆ ತಿಳಿಯದು. ಪ್ರತಿ ಪ್ಯಾರಾ ಶೈಲಿಯಲ್ಲೂ ಇದನ್ನು ಹಾಕಿ, ಇಲ್ಲದಿದ್ದರೆ ಮುನ್ನುಡಿ ಸರಿಯಾಗಿ ಅಡಿಟಿಪ್ಪಣಿ ಮುರಿದಿರುತ್ತದೆ.

ಫಾಂಟ್ ವಿಷಯ ಬಂತಲ್ಲ, ಪರವಾನಗಿ ನೋಡಿ. ವಿಂಡೋಸ್ ಜೊತೆ ಬರುವ ತುಂಗಾವನ್ನು ಇ-ಪಬ್ ಒಳಗೆ ಇಟ್ಟು ಮಾರಲು ಅನುಮತಿ ಇದೆ ಎಂದುಕೊಳ್ಳಬೇಡಿ. ನೋಟೊ ಸೆರಿಫ್ ಕನ್ನಡ, ನೋಟೊ ಸಾನ್ಸ್ ಕನ್ನಡ, ಟೈರೊ ಕನ್ನಡ ಇವು ಮುಕ್ತ ಪರವಾನಗಿಯವು, ಕಡತದೊಳಗೆ ಸೇರಿಸಬಹುದು. ಸೇರಿಸಲೇಬೇಕು ಎನ್ನುವುದು ನನ್ನ ಮಾತು. ಓದುಗರ ಫೋನಿನಲ್ಲಿ ಯಾವ ಕನ್ನಡ ಅಕ್ಷರ ಇದೆಯೋ ನಮಗೆ ತಿಳಿಯದು.

ಇ-ಪಬ್ ಮಾಡುವಾಗ ಗಮನಿಸಬೇಕಾದ್ದು: ಭಾಷೆಯ ಸಂಕೇತ ಕನ್ನಡವೇ ಆಗಿರಲಿ, ಉಪಕರಣಗಳು ತಾವಾಗಿ ಇಂಗ್ಲಿಷ್ ಎಂದು ತುಂಬಿರುತ್ತವೆ. ಸಾಲುಗಳ ನಡುವಿನ ಅಂತರ 1.6ರಷ್ಟು ಕೊಡಿ, ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಹೆಚ್ಚುವರಿ ಅಂತರ ಕೊಡಲೇಬೇಡಿ, ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಎರಡೂ ಅಂಚು ಸಮ ಮಾಡುವುದು ಮುದ್ರಣಕ್ಕೆ ಚೆಂದ. ಫೋನಿನ ಕಿರಿದಾದ ಪರದೆಯಲ್ಲಿ ಕನ್ನಡದ ಉದ್ದನೆಯ ಪದಗಳು ಸೇರಿದರೆ ಪದಗಳ ನಡುವೆ ಹಳ್ಳ ಬೀಳುತ್ತದೆ, ಆದ್ದರಿಂದ ಎಡಕ್ಕೆ ಮಾತ್ರ ಸಮ ಇರಲಿ. ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅಲಂಕಾರವೂ ಬೇಡ. ಸ್ತ್ರೀ ಎಂಬ ಅಕ್ಷರದಿಂದ ಕಥೆ ಶುರುವಾದರೆ ಇ-ಪುಸ್ತಕ ಓದುವ ಕೆಲವು ಆ್ಯಪ್‌ಗಳು ಅದನ್ನು ನಡುವೆ ಸೀಳುತ್ತವೆ.

ಸಿಗಿಲ್ ಎಂಬ ಇ-ಪಬ್ ತಂತ್ರಾಂಶದಲ್ಲಿ ತಿದ್ದಿ, ಇ-ಪಬ್‌ಚೆಕ್‌ನಲ್ಲಿ ಪರೀಕ್ಷಿಸಿ, ತಪ್ಪು ಸೊನ್ನೆ ಎಂದು ಬರುವ ತನಕ ಎಲ್ಲಿಗೂ ಏರಿಸಬೇಡಿ. ಕ್ಯಾಲಿಬರ್‌ನಲ್ಲಿ ಪಿಡಿಎಫ್‌ನಿಂದ ಇ-ಪಬ್ ಮಾಡುವ ದಾರಿ ಸುಲಭ ಕಾಣುತ್ತದೆ, ಕನ್ನಡಕ್ಕೆ ಅದು ನಡೆಯದು. ಪಿಡಿಎಫ್‌ನಿಂದ ಪಠ್ಯ ಎಳೆದರೆ ಮತ್ತೆ ಅದೇ ಸೂಯರ್, ಧಮರ್.

ಫಾರಂ ಹದಿನಾರು:
ಮುದ್ರಣದ ಬಗ್ಗೆ. ಡೆಮಿ 1/8ರಲ್ಲಿ ಒಂದು ಫಾರಂ (ಅಚ್ಚಾಗಿ ಮಡಿಸುವ ಒಂದು ದೊಡ್ಡ ಹಾಳೆ) ಎಂದರೆ 16 ಪುಟ. 200 ಪುಟ ಅಂದರೆ ಹನ್ನೆರಡೂವರೆ ಫಾರಂ. ಆ ಅರ್ಧ ಫಾರಂಗೆ ಕೆಲಸ, ಪ್ಲೇಟು (ಅಚ್ಚಿನ ತಗಡು) ದಂಡ. 192ಕ್ಕೆ ಇಳಿಸಿ ಅಥವಾ 208ಕ್ಕೆ ಏರಿಸಿ. ಅಕ್ಷರದ ಗಾತ್ರ ಅರ್ಧ ಪಾಯಿಂಟ್ ಬದಲಿಸಿದರೆ ಸಾಕು.

ವರ್ಡ್‌ನಿಂದ ನೇರ ಪಿಡಿಎಫ್ ಮಾಡಿ ಪ್ರೆಸ್‌ಗೆ ಕೊಡುವವರಿದ್ದಾರೆ. ಅದರಲ್ಲಿ ಕಪ್ಪು ಬಣ್ಣ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿಯ ಬೆರಕೆ) ಆಗಿರುತ್ತದೆ. ನಾಲ್ಕು ಬಣ್ಣಕ್ಕೆ ಒಡೆದಾಗ ಒಂದು ಅಕ್ಷರ ನಾಲ್ಕು ಪ್ಲೇಟಿಗೆ ಹಂಚಿಹೋಗುತ್ತದೆ, ಕೂದಲೆಳೆಯಷ್ಟು ಸರಿದರೂ ಕನ್ನಡದ ತೆಳು ಬಳ್ಳಿಗಳು ಮಸುಕು. ಪಠ್ಯ ಪೂರ್ತಿ ಒಂದೇ ಕಪ್ಪಿನಲ್ಲಿ ಇರಬೇಕು. ಮುಖಪುಟ ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ), ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ), ಸುತ್ತಲೂ ಕತ್ತರಿಸಲು 3 ಮಿಲಿಮೀಟರ್ ಹೆಚ್ಚುವರಿ ಬಿಡಿ.

ಬೆನ್ನಿನ ದಪ್ಪ: 208 ಪುಟ ಅಂದರೆ 104 ಹಾಳೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್ಲಿಥೊ ಕಾಗದದ ಹಾಳೆ ಸುಮಾರು 0.09 ಮಿಲಿಮೀಟರ್ ಎಂದು ಹಿಡಿದರೆ 9.4 ಮಿಲಿಮೀಟರ್ ಬೆನ್ನು. ಬೇಡಿಕೆಗೆ ತಕ್ಕಂತೆ ಮುದ್ರಿಸುವ ಪೋತಿ, ನೋಷನ್ ಪ್ರೆಸ್‌ನಂಥ ಕಡೆ ಕಾಗದ ಬೇರೆ, ದಪ್ಪ ಬೇರೆ. ಒಂದೇ ಮುಖಪುಟದ ಕಡತವನ್ನು ಎಲ್ಲ ಕಡೆ ಕೊಟ್ಟರೆ ಬೆನ್ನಿನ ಹೆಸರು ಹಿಂಬದಿಗೋ ಮುಂಬದಿಗೋ ಜಾರುತ್ತದೆ. ಎರಡು ಕಡತ ಮಾಡಿ.

ಸಂತೆಪೇಟೆ:
ಕಾಗದದ ತೂಕ ಕೇವಲ ಪ್ರೆಸ್‌ನವರ ವಿಷಯ ಅಲ್ಲ, ಅಂಚೆಯ ವಿಷಯವೂ ಹೌದು. ಲೆಕ್ಕ ನೋಡಿ. 5.5 × 8.5 ಇಂಚಿನ 70 ಜಿಎಸ್‌ಎಂ ಹಾಳೆ ಒಂದಕ್ಕೆ 2.1 ಗ್ರಾಂ. 104 ಹಾಳೆಗೆ 220 ಗ್ರಾಂ. 300 ಜಿಎಸ್‌ಎಂ ರಕ್ಷಾಪುಟ 19 ಗ್ರಾಂ. ಅಂಟು, ಲ್ಯಾಮಿನೇಷನ್ ಸೇರಿ 243ರ ಹತ್ತಿರ. ಅದೇ ಪುಸ್ತಕ 80 ಜಿಎಸ್‌ಎಂನಲ್ಲಿ ಆದರೆ 274.

2025ರ ಮೇ 1ರಿಂದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಇದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಹೋದರೆ 100, ತೆರಿಗೆ ಪ್ರತ್ಯೇಕ. ಎಲ್ಲಿದೆ ಎಂದು ಜಾಡು ನೋಡಬಹುದು. 70 ಜಿಎಸ್‌ಎಂ ಆದರೆ ಪ್ಯಾಕಿಂಗ್‌ಗೆ 57 ಗ್ರಾಂ ಸಿಗುತ್ತದೆ, ರಟ್ಟು ಇಟ್ಟು ಗಟ್ಟಿಯಾಗಿ ಕಟ್ಟಬಹುದು. 80 ಆದರೆ 26 ಗ್ರಾಂ ಮಾತ್ರ. ಒಂದು ಗ್ರಾಂ ಹೆಚ್ಚಾದರೂ ಮುಂದಿನ ದರ. ಹಾಗಾಗಿ ಅಚ್ಚಿಗೆ ಮುಂಚೆ ಪ್ರೆಸ್‌ನಿಂದ ಅದೇ ಕಾಗದದ ಖಾಲಿ ಡಮ್ಮಿ (ಮಾದರಿ ಪುಸ್ತಕ) ಮಾಡಿಸಿ ತಕ್ಕಡಿಗೆ ಹಾಕಿ.

ಈ ಸೇವೆ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. ವ್ಯಾಪಾರಿ ಪ್ರಕಟಣೆ, ಜಾಹೀರಾತು ನಡೆಯದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಲಕೋಟೆಯೊಳಗೆ ನಿಮ್ಮ ಮುಂದಿನ ಪುಸ್ತಕದ ಜಾಹೀರಾತು ಚೀಟಿ ಸೇರಿಸಬೇಡಿ. ನೆಲದ ಮೇಲಿನ ಸಾಗಾಟ, ತಡವಾಗುತ್ತದೆ ಎಂದು ಕೊಳ್ಳುವವರಿಗೆ ಮೊದಲೇ ತಿಳಿಸಿ.

ಹೊಸಪುಟ:
ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಸ್ವಂತ ಪಡೆಯುವುದೋ, ವೇದಿಕೆಯವರು ಉಚಿತವಾಗಿ ಕೊಡುವುದನ್ನು ಬಳಸುವುದೋ?

ಸಂತೆಪೇಟೆ:
ಸ್ವಂತ. ಇದರಲ್ಲಿ ಎರಡು ಮಾತಿಲ್ಲ. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಇದನ್ನು ಶುಲ್ಕವಿಲ್ಲದೆ ಕೊಡುತ್ತದೆ. ಲೇಖಕರೇ ಪ್ರಕಾಶಕರಾದರೂ ಅರ್ಜಿ ಹಾಕಬಹುದು, ಎಲ್ಲ ಆನ್‌ಲೈನ್. ವೇದಿಕೆಯವರ ಸಂಖ್ಯೆ ತೆಗೆದುಕೊಂಡರೆ ದಾಖಲೆಯಲ್ಲಿ ಪ್ರಕಾಶಕರು ಅವರು. ನಾಳೆ ಬೇರೆ ಪ್ರೆಸ್‌ನಲ್ಲಿ ನಿಮ್ಮ ಹೆಸರಲ್ಲಿ ಅಚ್ಚು ಹಾಕಿಸುವಾಗ ಹೊಸ ಸಂಖ್ಯೆ ಬೇಕು. ಆಗ ಅದೇ ಪುಸ್ತಕ ಮಳಿಗೆಗಳಲ್ಲಿ ಎರಡು ಪುಟವಾಗಿ ಕಾಣುತ್ತದೆ, ಓದುಗರ ಅಭಿಪ್ರಾಯಗಳೂ ಎರಡು ಪಾಲಾಗುತ್ತವೆ.

ಸಾದಾ ರಟ್ಟಿಗೆ ಒಂದು, ಗಟ್ಟಿ ರಟ್ಟಿಗೆ ಒಂದು, ಇ-ಪಬ್‌ಗೆ ಇನ್ನೊಂದು. ಬದಲಾವಣೆ ಇಲ್ಲದ ಮರುಮುದ್ರಣಕ್ಕೆ ಹಳೆಯದೇ ಸಾಕು, ಬೆಲೆ ಮಾತ್ರ ಬದಲಾದರೂ ಹಳೆಯದೇ. ಪರಿಷ್ಕೃತ ಆವೃತ್ತಿಗೆ ಹೊಸದು. ಅಚ್ಚಿಗೆ ಹೋಗುವ ವಾರ ಅರ್ಜಿ ಹಾಕಿದರೆ ಕೈಕಟ್ಟಿ ಕೂರಬೇಕಾಗುತ್ತದೆ. ಎರಡು ತಿಂಗಳ ಮುಂಚೆ ಹಾಕಿ.

ಫಾರಂ ಹದಿನಾರು:
ಬಾರ್‌ಕೋಡ್ ಬಿಳಿ ಚೌಕದೊಳಗೆ ಕಪ್ಪು ಗೆರೆಯಾಗಿಯೇ ಇರಲಿ. ಮೂಲ ಅಳತೆ ಸುಮಾರು 37 × 26 ಮಿಲಿಮೀಟರ್, ಶೇ. 80ಕ್ಕಿಂತ ಕುಗ್ಗಿಸಬೇಡಿ. ಗೆರೆಗಳನ್ನೇ ಕೆಂಪು ಬಣ್ಣದಲ್ಲಿ ಹಾಕಿದರೆ ಕೆಂಪು ಬೆಳಕಿನ ಸ್ಕ್ಯಾನರ್‌ಗೆ ಬಿಳಿ ಯಾವುದು ಕೆಂಪು ಯಾವುದು ತಿಳಿಯದು. ಗೆರೆಗಳ ಎಡಬಲದ ಖಾಲಿ ಜಾಗವನ್ನು ವಿನ್ಯಾಸಕಾರರು ಕತ್ತರಿಸುತ್ತಾರೆ, ಬಿಡಬೇಡಿ.

ಲೆಕ್ಕಪತ್ರ:
ಅಮೆಜಾನ್‌ನಲ್ಲಿ ಮಾರಲು ಜಿಎಸ್‌ಟಿ ಸಂಖ್ಯೆ ಬೇಕೇ ಎಂಬುದು ಎಲ್ಲರ ಮೊದಲ ಭಯ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ವರ್ಗ ಸಂಖ್ಯೆ 4901. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಕಡ್ಡಾಯವಲ್ಲ. ಮಾರಾಟಗಾರರ ಖಾತೆ ತೆರೆಯುವಾಗ ತೆರಿಗೆ ವಿನಾಯಿತಿಯ ಪುಸ್ತಕ ಮಾತ್ರ ಮಾರುತ್ತೇನೆ ಎಂಬ ಆಯ್ಕೆ ಇದೆ, ಪ್ಯಾನ್ ಕೊಟ್ಟರೆ ಆಯಿತು. ಜೊತೆಗೆ ಬುಕ್‌ಮಾರ್ಕ್, ಚೀಲ, ಚಹಾದ ಕಪ್ ಇಂಥವನ್ನೂ ಮಾರಲು ಹೊರಟರೆ ಈ ವಿನಾಯಿತಿ ಹೋಯಿತು. ವೇದಿಕೆ ತನ್ನ ಶುಲ್ಕಗಳ ಮೇಲೆ ಹಾಕುವ ಶೇ. 18 ಜಿಎಸ್‌ಟಿಯನ್ನು ನೀವು ಹಿಂಪಡೆಯಲಾಗದು, ಅದನ್ನು ಖರ್ಚು ಎಂದೇ ಹಿಡಿಯಿರಿ.

ಇ-ಪುಸ್ತಕ ಬೇರೆ. 2018ರ ಜುಲೈನಲ್ಲಿ ಬಂದ ದರದಂತೆ ಮುದ್ರಿತ ರೂಪವೂ ಇರುವ ಇ-ಪುಸ್ತಕಕ್ಕೆ ಶೇ. 5, ಮುದ್ರಿತ ರೂಪವೇ ಇಲ್ಲದ್ದಕ್ಕೆ ಶೇ. 18. ವೇದಿಕೆಯ ಮೂಲಕ ಮಾರಿದರೆ ಅದನ್ನು ಅವರು ನೋಡಿಕೊಳ್ಳುತ್ತಾರೆ. ಸ್ವಂತ ಜಾಲತಾಣದಲ್ಲಿ ಇ-ಪಬ್ ಮಾರುವವರು ಮಾತ್ರ ಈ ವ್ಯತ್ಯಾಸವನ್ನು ತಲೆಯಲ್ಲಿಡಬೇಕು.

ಬೆಲೆಯ ಲೆಕ್ಕಕ್ಕೆ ಒಂದು ಮಾದರಿ ಕೊಡುತ್ತೇನೆ, ಅಂಕಿಗಳನ್ನು ನಿಮ್ಮದಕ್ಕೆ ಬದಲಿಸಿಕೊಳ್ಳಿ. ಬೆಲೆ 240, ಅಚ್ಚಿನ ಖರ್ಚು ಪ್ರತಿಗೆ 85 ಎಂದಿಟ್ಟುಕೊಳ್ಳಿ. ವಿತರಕರಿಗೆ ಶೇ. 45 ರಿಯಾಯಿತಿ ಕೊಟ್ಟರೆ ಕೈಗೆ 132, ಉಳಿದದ್ದು 47. ಸ್ವಂತ ಜಾಲತಾಣದಲ್ಲಿ ಹಣ ಪಾವತಿಯ ಸೇವೆಗೆ ಶೇ. 2, ಅದರ ಮೇಲೆ ತೆರಿಗೆ ಸೇರಿ 5.66, ತೆರಿಗೆ ಬಿಟ್ಟು ಅಂಚೆ 20, ಪ್ಯಾಕಿಂಗ್ 10: ಉಳಿದದ್ದು 119. ದೊಡ್ಡ ಮಳಿಗೆಯಲ್ಲಿ ಶುಲ್ಕ, ಸಾಗಾಟ, ತೆರಿಗೆ ಎಲ್ಲ ಸೇರಿ 90 ಆಯಿತು ಎನ್ನಿ, ಪ್ಯಾಕಿಂಗ್ 10: ಉಳಿದದ್ದು 55. ಹತ್ತರಲ್ಲಿ ಒಂದು ವಾಪಸ್ ಬಂದರೆ ಆ ಒಂದರ ಸಾಗಾಟ ಉಳಿದ ಒಂಬತ್ತರ ಮೇಲೆ ಬೀಳುತ್ತದೆ, 55 ಇದ್ದದ್ದು 45ರ ಆಸುಪಾಸಿಗೆ ಇಳಿಯುತ್ತದೆ. ವಾಪಸ್ ಬಂದ ಪ್ರತಿಯ ಮೂಲೆ ಮಡಿಸಿದ್ದರೆ ಅದನ್ನು ಹೊಸದೆಂದು ಮತ್ತೆ ಮಾರಲಾಗದು, ಅಚ್ಚಿನ 85 ಕೂಡ ಹೋಯಿತು.

ಬೆಲೆಯನ್ನು 120, 130ರ ಮಟ್ಟಕ್ಕೆ ಇಳಿಸಿದರೆ ದೊಡ್ಡ ಮಳಿಗೆಯಲ್ಲಿ ಲಾಭ ಬರಲು ಜಾಗವೇ ಇಲ್ಲ. ಸಾಗಾಟದ ಖರ್ಚು ಪುಸ್ತಕದ ಬೆಲೆ ನೋಡಿ ಇಳಿಯುವುದಿಲ್ಲ, ತೂಕ ನೋಡಿ ನಿಲ್ಲುತ್ತದೆ.

ಸಂತೆಪೇಟೆ:
ಈ ಲೆಕ್ಕ ಸರಿ. ಆದರೆ ಅಮೆಜಾನ್‌ನಲ್ಲಿ ನಿಮ್ಮದೇ ಮಾರಾಟ ಖಾತೆ ಇರಲೇಬೇಕು ಎಂದು ನನ್ನ ಅಭಿಪ್ರಾಯ, ಲಾಭ ಕಡಿಮೆಯಾದರೂ. ಇಲ್ಲದಿದ್ದರೆ ಆಗುವುದು ಇದು: ಯಾವುದೋ ಮಾರಾಟಗಾರರು ಐಎಸ್‌ಬಿಎನ್ ಹಾಕಿ ಮೊದಲು ಪುಟ ತೆರೆಯುತ್ತಾರೆ. ಪುಸ್ತಕದ ಹೆಸರಿನಲ್ಲಿ ಕಾಗುಣಿತ ತಪ್ಪು, ಲೇಖಕರ ಜಾಗದಲ್ಲಿ ಪ್ರಕಾಶನದ ಹೆಸರು, ಭಾಷೆ ಇಂಗ್ಲಿಷ್. ಆಮೇಲೆ ಬಂದವರಿಗೆ ಆ ಪುಟವೇ ಗತಿ. 978ರಿಂದ ಶುರುವಾಗುವ ಪುಸ್ತಕಗಳಿಗೆ ಅಲ್ಲಿನ ಗುರುತು ಸಂಖ್ಯೆ ಹತ್ತಂಕಿಯ ಐಎಸ್‌ಬಿಎನ್ನೇ ಆಗಿರುವುದರಿಂದ ಬೇರೆ ಪುಟ ಹುಟ್ಟಿಸಲು ಆಗದು. ತಿದ್ದಿಸಲು ಮುಖಪುಟ ಮತ್ತು ಹಕ್ಕುಸ್ವಾಮ್ಯದ ಪುಟದ ಸ್ಪಷ್ಟ ಫೋಟೋ ಕಳಿಸಿ, ಅವರು ಒಪ್ಪುವ ತನಕ ಬೆನ್ನು ಬಿಡದೆ ಬರೆಯಬೇಕು. ಬಿಡುಗಡೆಗೆ ಮುಂಚೆ ನೀವೇ ಪುಟ ತೆರೆದರೆ ಇಷ್ಟೂ ತಪ್ಪುತ್ತದೆ.

ಇನ್ನೊಂದು, ನಿಮ್ಮ ದಾಸ್ತಾನು ಸೊನ್ನೆ ಆದಾಗ 240ರ ಪುಸ್ತಕವನ್ನು 700, 800ಕ್ಕೆ ಇಡುವವರು ಬರುತ್ತಾರೆ. ಅವರ ಕೈಯಲ್ಲಿ ಪ್ರತಿ ಇರಲೇಬೇಕೆಂದಿಲ್ಲ, ಆರ್ಡರ್ ಬಂದರೆ ಎಲ್ಲಿಂದಲೋ ತಂದು ಕಳಿಸುವ ಎಣಿಕೆ. ಓದುಗರು ಲೇಖಕರೇ ಸುಲಿಯುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಹತ್ತು ಪ್ರತಿಯಾದರೂ ಯಾವಾಗಲೂ ನಿಮ್ಮ ಖಾತೆಯಲ್ಲಿ ಇರಲಿ, ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಕರಡುತಿದ್ದು:
ಹೆಸರಿನ ಕಾಗುಣಿತದ ಬಗ್ಗೆ ಒತ್ತಿ ಹೇಳಬೇಕು. ಕನ್ನಡ ಓದುಗರಲ್ಲಿ ಬಹಳ ಮಂದಿ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು. ದೀರ್ಘಕ್ಕೆ ಒಬ್ಬರು ಎರಡು ಎ ಹಾಕುತ್ತಾರೆ, ಒಬ್ಬರು ಒಂದು. ಥ, ಠಗಳಿಗೂ ಹಾಗೆಯೇ. ಪುಸ್ತಕದ ಹೆಸರಿಗೂ ಲೇಖಕರ ಹೆಸರಿಗೂ ಒಂದು ಇಂಗ್ಲಿಷ್ ಕಾಗುಣಿತ ತೀರ್ಮಾನಿಸಿ, ಐಎಸ್‌ಬಿಎನ್ ಅರ್ಜಿಯಿಂದ ಹಿಡಿದು ಎಲ್ಲ ಮಳಿಗೆಗಳಲ್ಲೂ ಅದನ್ನೇ ಬಳಸಿ. ಉಳಿದ ಎರಡು ಮೂರು ರೂಪಗಳನ್ನು ಹುಡುಕುಪದಗಳ ಜಾಗದಲ್ಲಿ ಹಾಕಿ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಆದರೆ ಮಳಿಗೆ ಅವರನ್ನು ಇಬ್ಬರು ಲೇಖಕರು ಎಂದೇ ಎಣಿಸುತ್ತದೆ.

ಒಂದು ಕೋಷ್ಟಕ ಇಟ್ಟುಕೊಳ್ಳಿ: ಹೆಸರು ಎರಡೂ ಲಿಪಿಯಲ್ಲಿ, ಐಎಸ್‌ಬಿಎನ್, ಪುಟ, ಅಳತೆ, ತೂಕ, ಬೆಲೆ, 50 ಪದದ ಪರಿಚಯ, 200 ಪದದ ಪರಿಚಯ. ಎಲ್ಲ ಕಡೆಗೂ ಅಲ್ಲಿಂದಲೇ ನಕಲು.

ಹೊಸಪುಟ:
ಇ-ಪುಸ್ತಕದ ವಿಷಯಕ್ಕೆ ಬರೋಣ. ಕಿಂಡಲ್‌ನಲ್ಲಿ ಕನ್ನಡ ಹಾಕಬಹುದೇ? ಬೇರೆ ಭಾಷೆ ಎಂದು ತೋರಿಸಿ ಹಾಕಿದವರಿದ್ದಾರೆ ಎಂದು ಕೇಳಿದ್ದು.

ಅಚ್ಚುಮೊಳೆ:
ಆ ದಾರಿ ಬೇಡವೇ ಬೇಡ. 2016ರ ಕೊನೆಗೆ ಕಿಂಡಲ್ ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕಡತ ಏರಿಸುವ ದಿನ ಅಲ್ಲಿನ ಭಾಷಾಪಟ್ಟಿ ತೆರೆದು ನೋಡಿ. ಕನ್ನಡ ಕಾಣದಿದ್ದರೆ ಬೇರೆ ಭಾಷೆಯ ಹೆಸರಲ್ಲಿ ಹಾಕುವುದು ಎಂದರೆ ಪರಿಶೀಲನೆಯಲ್ಲಿ ಪುಸ್ತಕ ತಡೆಯಿಸಿಕೊಳ್ಳುವುದು. ಖಾತೆಯೇ ಮುಚ್ಚಿಹೋಗುವ ಅಪಾಯವೂ ಇದೆ. ಅದೇ ಕಂಪನಿಯ ಬೇಡಿಕೆಗೆ ಮುದ್ರಿಸುವ ಸಾದಾ ರಟ್ಟಿನ ಸೇವೆ ಭಾರತದ ಮಳಿಗೆಗೆ ಲಭ್ಯವಿಲ್ಲ, ಅದರ ಮೇಲೂ ಲೆಕ್ಕ ಹಾಕಬೇಡಿ.

ಕನ್ನಡಕ್ಕೆ ಗಟ್ಟಿ ನೆಲ ಗೂಗಲ್ ಪ್ಲೇ ಬುಕ್ಸ್. ಇ-ಪಬ್, ಪಿಡಿಎಫ್ ಎರಡನ್ನೂ ತೆಗೆದುಕೊಳ್ಳುತ್ತದೆ. ಪಿಡಿಎಫ್ ಒಂದನ್ನೇ ಕೊಟ್ಟರೆ ಫೋನಿನಲ್ಲಿ ಪ್ರತಿ ಸಾಲಿಗೂ ಹಿಗ್ಗಿಸಿ ಸರಿಸಿ ಓದಬೇಕು, ಎರಡನೇ ಪುಟಕ್ಕೆ ಓದುಗರು ಬಿಡುತ್ತಾರೆ. ಐಎಸ್‌ಬಿಎನ್ ಇಲ್ಲದಿದ್ದರೆ ಅವರೇ ಜಿಜಿಕೀ ಎಂಬ ಗುರುತು ಕೊಡುತ್ತಾರೆ, ಅದು ಅಲ್ಲಿಗೆ ಮಾತ್ರ. ಉಚಿತ ಇಣುಕುನೋಟ ಶೇ. 20. ಕಥಾಸಂಕಲನದಲ್ಲಿ ಮೊದಲ ಶೇ. 20 ಎಂದರೆ ಮುನ್ನುಡಿ, ಲೇಖಕರ ಮಾತು, ಕೃತಜ್ಞತೆಯಲ್ಲೇ ಕಳೆದುಹೋಗಬಾರದು. ಇ-ಪಬ್‌ನಲ್ಲಿ ಕೃತಜ್ಞತೆಯನ್ನು ಕೊನೆಗೆ ಒಯ್ದು ಮೊದಲ ಕಥೆಯನ್ನು ಮುಂದಕ್ಕೆ ತನ್ನಿ. ಮಾರಾಟದ ಪ್ರದೇಶ ಇಡೀ ಜಗತ್ತು ಎಂದು ಆರಿಸಿ. ಮುದ್ರಿತ ಪ್ರತಿ ಕೊಂಡರೆ ಅಂಚೆಯ ಖರ್ಚು ಪುಸ್ತಕದ ಬೆಲೆಯ ಹಲವು ಪಟ್ಟಾಗುವ ಅಮೆರಿಕ, ಯುರೋಪಿನ ಕನ್ನಡಿಗರಿಗೆ ಇದೇ ಹತ್ತಿರದ ಬಾಗಿಲು.

ಲೆಕ್ಕಪತ್ರ:
ಅಮೆರಿಕದ ಕಂಪನಿಗಳು ತೆರಿಗೆ ಫಾರಂ ಕೇಳಿದಾಗ ಡಬ್ಲ್ಯು-8ಬೆನ್ ತುಂಬಿ, ವಿದೇಶಿ ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಹಾಕಿ. ಭಾರತ–ಅಮೆರಿಕ ಒಪ್ಪಂದದಂತೆ ಅಲ್ಲಿನ ಮಾರಾಟದ ಗೌರವಧನದ ಮೇಲೆ ಶೇ. 15 ಕಡಿತ. ತುಂಬದಿದ್ದರೆ ಶೇ. 30. ಕಡಿತವಾದದ್ದನ್ನು ಇಲ್ಲಿನ ತೆರಿಗೆ ವಿವರದಲ್ಲಿ ತೋರಿಸಿ ಸರಿದೂಗಿಸಿಕೊಳ್ಳಬಹುದು.

ಸಂತೆಪೇಟೆ:
ಮೈಲ್ಯಾಂಗ್, ವಿವಿಡ್‌ಲಿಪಿ, ಪ್ರತಿಲಿಪಿಯಂಥ ಡಿಜಿಟಲ್ ಓದಿನ ವೇದಿಕೆಗಳಲ್ಲಿ ಸಹಿ ಮಾಡುವ ಮುನ್ನ ಒಪ್ಪಂದದಲ್ಲಿ ಈ ಐದನ್ನು ಹುಡುಕಿ: ಹಕ್ಕು ಅವರಿಗೆ ಮಾತ್ರವೋ ಬೇರೆಯವರಿಗೂ ಕೊಡಬಹುದೋ, ಎಷ್ಟು ವರ್ಷ, ಹೊರಬರಲು ಎಷ್ಟು ದಿನದ ಸೂಚನೆ, ಆಡಿಯೊ ಹಕ್ಕು ಸೇರಿದೆಯೋ, ಎಷ್ಟು ಮೊತ್ತ ಕೂಡಿದರೆ ಹಣ ಬಿಡುಗಡೆ. ಇ-ಪುಸ್ತಕದ ಒಪ್ಪಂದದೊಳಗೆ ಆಡಿಯೊ ಎಂಬ ಒಂದು ಪದ ಸುಮ್ಮನೆ ಕೂತಿರಬಹುದು. ಅದನ್ನು ಪ್ರತ್ಯೇಕ ಮಾಡಿಸಿ.

ಇದೇ ಕಥೆಗಳನ್ನು ಎಲ್ಲಾದರೂ ಉಚಿತವಾಗಿ ಕಂತುಕಂತಾಗಿ ಹಾಕಿದ್ದರೆ, ಒಬ್ಬರಿಗೇ ಹಕ್ಕು ಕೊಡುವ ಯಾವ ಒಪ್ಪಂದಕ್ಕೂ ಸಹಿ ಹಾಕುವಂತಿಲ್ಲ. ಕಿಂಡಲ್‌ಗೆ ಮಾತ್ರ ಹಕ್ಕು ಕೊಡುವ ಕೆಡಿಪಿ ಸೆಲೆಕ್ಟ್ ಯೋಜನೆಯಲ್ಲೂ ಹಾಗೆಯೇ, 90 ದಿನ ಡಿಜಿಟಲ್ ರೂಪ ಬೇರೆಲ್ಲೂ ಇರಕೂಡದು, ಶೇ. 10ರಷ್ಟು ಮಾದರಿಯ ಹೊರತು. ಈ ಲೇಖಕರದೇ ಇಂಗ್ಲಿಷ್ ಅನುವಾದ ಮುಂದೆ ಬಂದರೆ ಆಗ ಈ ನಿಯಮ ನೆನಪಿರಲಿ.

ಹೊಸಪುಟ:
ಪಿಡಿಎಫ್ ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ಭಯದಿಂದ ಇ-ಪುಸ್ತಕವನ್ನು ಆರು ತಿಂಗಳು ತಡೆಯಬೇಕು ಎಂಬ ಸಲಹೆ ಬಂದಿದೆ.

ಲೆಕ್ಕಪತ್ರ:
ತಡೆದರೆ ಮುದ್ರಿತ ಪ್ರತಿಯನ್ನೇ ಫೋನಿನಲ್ಲಿ ಸ್ಕ್ಯಾನ್ ಮಾಡಿ ಹಂಚುತ್ತಾರೆ. ಪ್ರೆಸ್‌ಗೂ ವಿಮರ್ಶಕರಿಗೂ ಒಂದೇ ಪಿಡಿಎಫ್ ಕಳಿಸುವುದನ್ನು ಮೊದಲು ನಿಲ್ಲಿಸಿ. ಪ್ರತಿಯೊಬ್ಬರ ಹೆಸರು ಪುಟದಡಿ ಅಚ್ಚಾದ ಬೇರೆ ಬೇರೆ ಕಡತ ಕೊಡಿ. ಕಳ್ಳಪ್ರತಿ ಕಂಡರೆ ಕೊಂಡಿ, ತೆರೆಚಿತ್ರ, ದಿನಾಂಕ ಇಟ್ಟುಕೊಂಡು ಅದನ್ನು ಇಟ್ಟಿರುವ ಸೇವೆಗೆ ಲಿಖಿತ ದೂರು ಕೊಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಸಿ), 2013ರ ನಿಯಮಗಳ 75ನೆಯ ನಿಯಮ ನಮೂದಿಸಿ. ದೂರಿನಲ್ಲಿ ಹುರುಳಿದೆ ಎಂದು ಮನದಟ್ಟಾದರೆ ಅವರು 36 ಗಂಟೆಯಲ್ಲಿ ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಪ್ರತಿ ಕೊಂಡಿಗೂ ಹೊಸ ದೂರು ಬರೆಯಲು ತಾಳ್ಮೆ ಬೇಕು.

ಹೊಸಪುಟ:
ಕೊನೆಯದಾಗಿ, ಎಷ್ಟು ಪ್ರತಿ? 300 ಆಫ್‌ಸೆಟ್ (ಪ್ಲೇಟು ಮಾಡಿ ಅಚ್ಚುಹಾಕುವ ಬಗೆ) ಎಂದು ಅಂದುಕೊಂಡದ್ದು.

ಫಾರಂ ಹದಿನಾರು:
300ಕ್ಕೆ ಆಫ್‌ಸೆಟ್ ತೂಗುವುದಿಲ್ಲ. 13 ಫಾರಂನ ಪ್ಲೇಟಿನ ಖರ್ಚು 300ಕ್ಕೂ ಅಷ್ಟೇ, 1000ಕ್ಕೂ ಅಷ್ಟೇ. 500 ದಾಟಿದ ಮೇಲೆ ಪ್ರತಿಯ ಬೆಲೆ ಇಳಿಯತೊಡಗುತ್ತದೆ. ಮುಂಗಡ ಆರ್ಡರ್ ಗಟ್ಟಿ ಇದ್ದರೆ 500 ಆಫ್‌ಸೆಟ್‌ಗೆ ಹೋಗಿ.

ಸಂತೆಪೇಟೆ:
ಇಲ್ಲಿ ಭಿನ್ನಮತ. 500 ಪ್ರತಿ ಎಂದರೆ 120 ಕಿಲೋಗೂ ಹೆಚ್ಚು ಕಾಗದ ಮನೆಯಲ್ಲಿ ಕೂರುತ್ತದೆ, ಮಳೆಗಾಲದಲ್ಲಿ ಮಲೆನಾಡು ಕರಾವಳಿಯ ಕಡೆ ಆದರೆ ರಕ್ಷಾಪುಟ ಬಾಗುತ್ತದೆ, ಹಾಳೆಗೆ ಬೂಸ್ಟು. ಮೊದಲು 100 ಪ್ರತಿ ಡಿಜಿಟಲ್ ಮುದ್ರಣ ಮಾಡಿಸಿ. ಪ್ರತಿಗೆ ಹೆಚ್ಚು ಬೀಳುತ್ತದೆ, ಒಪ್ಪಿದೆ. ಆದರೆ ಉಳಿದ ತಪ್ಪುಗಳು ಆ 100ರಲ್ಲೇ ಸಿಕ್ಕಿಬೀಳುತ್ತವೆ, ಮುಂದಿನ 500 ಶುದ್ಧವಾಗಿ ಬರುತ್ತವೆ.

ಫಾರಂ ಹದಿನಾರು:
ಪರಿವರ್ತನೆಯಾದ ಕಡತ ಎಂಬ ಕಾರಣಕ್ಕೆ ಈ ಪುಸ್ತಕದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಡಿಜಿಟಲ್‌ಗೆ ಹಾಕುವಾಗಲೂ 208 ಪುಟ, ಅದೇ 70 ಜಿಎಸ್‌ಎಂ ಇಟ್ಟುಕೊಳ್ಳಿ. ಆಮೇಲೆ ಆಫ್‌ಸೆಟ್‌ಗೆ ಹೋದಾಗ ಮಳಿಗೆಗಳಲ್ಲಿ ತೂಕ, ಪುಟ ತಿದ್ದುವ ಕೆಲಸ ಬರುವುದಿಲ್ಲ, ಬೆನ್ನಿನ ಅಳತೆ ಮಾತ್ರ ಹೊಸ ಡಮ್ಮಿ ತರಿಸಿ ಇನ್ನೊಮ್ಮೆ ನೋಡಿ.

ಕರಡುತಿದ್ದು:
ಹೊಸಪುಟ ಅವರೇ, ಪರಿವರ್ತನೆಯಾದ ಮೊದಲ ಕಥೆಯ ಎರಡು ಪುಟ ಇಲ್ಲಿ ಹಾಕಿ. ಮೂರು ಬಗೆಯ ತಪ್ಪಿನಲ್ಲಿ ಯಾವುದು ಹೆಚ್ಚಿದೆ ಎಂದು ಕಂಡರೆ ಉಳಿದ ಪುಟಗಳಲ್ಲಿ ಏನನ್ನು ಮೊದಲು ಹುಡುಕಬೇಕೆಂದು ಹೇಳಬಹುದು. ಮೂಲ ನುಡಿ ಕಡತವನ್ನು ಮಾತ್ರ ಅಳಿಸಬೇಡಿ. ಅನುಮಾನ ಬಂದ ಪದಕ್ಕೆ ಅದೇ ಸಾಕ್ಷಿ.